ಮೂಡು, ಪಡು, ತೆಂಕು, ಬಡಗು: ಹಳೆ ಕಂಪ್ಯೂಟರಿಗೆ ಒಂದು ಕನ್ನಡದ ಆಟ

ಮಾನ್ಯ ಸಂಪಾದಕರೇ,

ವಿಂಡೋಸ್ 10ಕ್ಕೆ ಇದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಲು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಅದಿಲ್ಲದ ಯಂತ್ರಗಳನ್ನು ಗುಜರಿಗೆ ಹಾಕುವ ಮೊದಲು ಉಡುಪಿ, ಮಂಗಳೂರಿನ ಶಾಲೆಗಳೂ ಗ್ರಂಥಾಲಯಗಳೂ ಒಂದು ಸಾಧ್ಯತೆಯನ್ನು ಯೋಚಿಸಲಿ ಎಂದು ಈ ಪತ್ರ. ಆ ಯಂತ್ರಗಳಲ್ಲಿ ಮಕ್ಕಳೇ ಕಟ್ಟಿ, ಮಕ್ಕಳೇ ಆಡುವ ಕನ್ನಡದ ಅಕ್ಷರದಾಟ ನಡೆಸಬಹುದು.

ಆನ್‌ಲೈನ್ ಪಾತ್ರಾಭಿನಯದ ಆಟಗಳು ಹುಟ್ಟಿದ್ದೇ ಅಕ್ಷರದಲ್ಲಿ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಶುರುಮಾಡಿ ರಿಚರ್ಡ್ ಬಾರ್ಟಲ್ ಮುಂದುವರಿಸಿದ 'ಮಡ್' ಆಟದಲ್ಲಿ ಒಂದೇ ಒಂದು ಚಿತ್ರವಿರಲಿಲ್ಲ. ಎದುರಿಗಿರುವ ಜಾಗದ ವರ್ಣನೆ ಪರದೆಯ ಮೇಲೆ ಬರುತ್ತದೆ; ಆಟಗಾರ ತಾನು ಮಾಡುವುದನ್ನು ಬೆರಳಚ್ಚಿಸುತ್ತಾನೆ; ಅದೇ ಜಾಗದಲ್ಲಿರುವ ಇತರರಿಗೂ ಅದು ಕಾಣುತ್ತದೆ. ಡೆನ್ಮಾರ್ಕಿನ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 1991ರಲ್ಲಿ 'ಡಿಕುಮಡ್' ಎಂಬ ಅಂಥದೇ ಆಟದ ಮೂಲ ಸಂಕೇತವನ್ನು (ಪ್ರೋಗ್ರಾಮಿನ ಬರಹವನ್ನು) ಹಂಚಿದ ಮೇಲೆ ಯಾರು ಬೇಕಾದರೂ ತಮ್ಮದೇ ಲೋಕ ತೆರೆಯುವಂತಾಯಿತು.

ಇವು ಹಬ್ಬಿದ್ದು ಹಗುರವಾಗಿದ್ದರಿಂದ. ಸೆಕೆಂಡಿಗೆ 9,600 ಬಿಟ್ ಸಾಗಿಸುವ ಮೋಡೆಮ್‌ನಲ್ಲಿ ಸುಮಾರು 960 ಅಕ್ಷರ ಬರುತ್ತವೆ. 80 ಅಂಕಣ, 25 ಸಾಲಿನ ತುಂಬಿದ ಪರದೆಗೆ ಎರಡು ಸೆಕೆಂಡು ಸಾಕು. ಅದೇ ಮೋಡೆಮ್‌ನಲ್ಲಿ 640×480 ಅಳತೆಯ, 256 ಬಣ್ಣದ ಒಂದೇ ಒಂದು ಚಿತ್ರ ಕುಗ್ಗಿಸದೆ ಬರಬೇಕಾದರೆ ಐದು ನಿಮಿಷ ದಾಟುತ್ತದೆ. 1997ರಲ್ಲಿ 'ಅಲ್ಟಿಮಾ ಆನ್‌ಲೈನ್' ಬಂದಾಗ ಚಿತ್ರಗಳನ್ನು ಮೊದಲೇ ಸಿಡಿಯಲ್ಲಿ ಕೊಟ್ಟು ಈ ತೊಡಕು ದಾಟಿದರು. ಆದರೆ ತಿಂಗಳಿಗೆ 9.95 ಡಾಲರ್ ಕಟ್ಟಬೇಕಿತ್ತು. ನಮ್ಮ ಕಡೆಯ ವಿದ್ಯಾರ್ಥಿಗೆ ಅದು ಎಟಕುವ ಮಾತಾಗಿರಲಿಲ್ಲ. 2001ರಲ್ಲಿ ಬಂದ 'ರೂನ್‌ಸ್ಕೇಪ್' ಬ್ರೌಸರ್‌ನೊಳಗೇ ಜಾವಾದಲ್ಲಿ ಓಡುತ್ತಿತ್ತು, ದುಡ್ಡು ಕೊಡದೆಯೂ ಆಡಬಹುದಿತ್ತು. ಏನನ್ನೂ ಇನ್‌ಸ್ಟಾಲ್ ಮಾಡಬೇಕಿರಲಿಲ್ಲವಾದ್ದರಿಂದ ಬೇರೆಯವರ ಕಂಪ್ಯೂಟರಿನಲ್ಲಿ ಆಡುವವರಿಗೂ ಅದು ತೆರೆದಿತ್ತು. ಮುಂದೆ ಬ್ರೌಸರ್‌ಗಳು ಜಾವಾ ಕೈಬಿಟ್ಟವು, 2020ರ ಕೊನೆಗೆ ಫ್ಲ್ಯಾಶ್ ಕೂಡ ಹೋಯಿತು. ಅವುಗಳನ್ನೇ ನಂಬಿದ್ದ ಎಷ್ಟೋ ಆಟಗಳೂ ಹೋದವು. ಅಕ್ಷರದಾಟಗಳು ಮಾತ್ರ ಇವತ್ತಿಗೂ ನಡೆಯುತ್ತಿವೆ.

ಆದರೆ ಆ ಅಕ್ಷರದಾಟಗಳೊಳಗೆ ಕನ್ನಡಕ್ಕೆ ಜಾಗವಿರಲಿಲ್ಲ. ಡಿಕುಮಡ್ ವಂಶದ ಆಟಗಳ ಮೂಲ ಸಂಕೇತ ಟೈಪ್ ಮಾಡಿದ್ದರಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆ ಬಿಟ್ಟು ಮಿಕ್ಕಿದ್ದನ್ನು ಸದ್ದಿಲ್ಲದೆ ಎಸೆಯುತ್ತದೆ. ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಸಂಕೇತಕ್ಕೆ 3 ಬೈಟ್. 'ಸ್ತ್ರೀ' ಕಣ್ಣಿಗೆ ಒಂದೇ ಅಕ್ಷರ, ಒಳಗೆ 6 ಸಂಕೇತ, 18 ಬೈಟ್. ಬರಿಯ ಅಕ್ಷರ ತೋರಿಸುವ ಹಳೆ ಟರ್ಮಿನಲ್ ಕಿಟಕಿ ಅದನ್ನು ಆರು ಚೌಕಗಳಲ್ಲಿ ಹಂಚಲು ಹೋಗಿ ಒತ್ತಕ್ಷರವನ್ನು ಚೂರು ಮಾಡುತ್ತದೆ. ಆದ್ದರಿಂದ ಟರ್ಮಿನಲ್ ಬಿಡಿ, ಬ್ರೌಸರ್‌ನಲ್ಲೇ ಆಡಿಸಿ. ಬ್ರೌಸರ್ ಒತ್ತನ್ನು ಸರಿಯಾಗಿ ಕೂಡಿಸುತ್ತದೆ.

ಇದಕ್ಕೆ ಉಚಿತವಾಗಿ ಸಿಗುವ, ಅಕ್ಷರದಾಟ ಕಟ್ಟುವ ತಂತ್ರಾಂಶ 'ಇವೆನಿಯಾ' ಒಳ್ಳೆಯದು. ಅದು ಪೈಥಾನ್‌ನಲ್ಲಿ (ಒಂದು ಪ್ರೋಗ್ರಾಮಿಂಗ್ ಭಾಷೆ) ಬರೆದದ್ದು. 2 ಜಿಬಿ ರ‍್ಯಾಮ್ ಇರುವ ಒಂದು ಹಳೆ ಯಂತ್ರಕ್ಕೆ ಡೆಬಿಯನ್ 12 ಎಂಬ ಉಚಿತ ಲಿನಕ್ಸ್ ಹಾಕಿ ಸರ್ವರ್ ಮಾಡಿಕೊಳ್ಳಿ. ಪೈಥಾನ್‌ನ ವರ್ಚುವಲ್ ಎನ್ವಿರಾನ್‌ಮೆಂಟ್ ಎಂಬ ಪ್ರತ್ಯೇಕ ಜಾಗ ತೆರೆದು ಅದರೊಳಗೇ ಇವೆನಿಯಾವನ್ನು ಇನ್‌ಸ್ಟಾಲ್ ಮಾಡಬೇಕು. ಹೊರಗೆ ಮಾಡಹೊರಟರೆ ಡೆಬಿಯನ್ ತಡೆಯುತ್ತದೆ. ಇಂಟರ್‌ನೆಟ್ ಬೇಕಾಗುವುದು ಅಷ್ಟಕ್ಕೇ. ಮಿಕ್ಕ ಯಂತ್ರಗಳು ಒಂದು ನೆಟ್‌ವರ್ಕ್ ಸ್ವಿಚ್ ಮತ್ತು ಕೇಬಲ್ ಮೂಲಕ ಸರ್ವರ್‌ನ 4001ನೇ ಪೋರ್ಟಿಗೆ ಬರುತ್ತವೆ. ಫೈರ್‌ವಾಲ್‌ನಲ್ಲಿ 4002 ಕೂಡ ತೆರೆದಿರಲಿ, ಆಟದ ಮಾತು ಹರಿಯುವುದು ಅದರಲ್ಲಿ. ಸರ್ವರ್‌ಗೆ ಸ್ಥಿರ ಐಪಿ ವಿಳಾಸ ಕೊಡಿ. ಇಲ್ಲವಾದರೆ ಮರುದಿನ ವಿಳಾಸ ಬದಲಾಗಿ ಆಟವೇ ಕಾಣೆಯಾಯಿತೆಂದು ಮಕ್ಕಳು ಬರುತ್ತಾರೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಆಗಾಗ ಹೋಗುತ್ತದೆ. ಸರ್ವರ್‌ಗೊಂದು ಸಣ್ಣ ಯುಪಿಎಸ್ ಬೇಕೇ ಬೇಕು. ಇಡೀ ಲೋಕ ಒಂದೇ ಡೇಟಾಬೇಸ್ ಫೈಲಿನಲ್ಲಿರುತ್ತದೆ, ಆಟ ನಿಲ್ಲಿಸಿ ದಿನವೂ ಅದರ ಪ್ರತಿ ತೆಗೆದಿಡಿ.

ಮೊದಲು ತೆರೆಯುವ ಖಾತೆಗೆ ಎಲ್ಲ ಬೀಗಗಳೂ ತಾವಾಗಿ ತೆರೆಯುತ್ತವೆ. ಅದರಲ್ಲೇ ಪರೀಕ್ಷಿಸಿದರೆ ಎಲ್ಲ ಸರಿಯಿದ್ದಂತೆ ಕಾಣುತ್ತದೆ, ಮಕ್ಕಳಿಗೆ ಮಾತ್ರ ಬಾಗಿಲು ತೆರೆಯುವುದಿಲ್ಲ. ಪರೀಕ್ಷೆಗೆ ಸಾಮಾನ್ಯ ಖಾತೆ ಬಳಸಿ. ವರ್ಣನೆಗಳನ್ನು ನುಡಿ ಅಥವಾ ಬರಹದಲ್ಲಿ ಬರೆಯುವುದಾದರೆ ಯುನಿಕೋಡ್ ಆಯ್ಕೆಯಲ್ಲೇ ಬರೆಯಬೇಕು. ಹಳೆಯ ಫಾಂಟಿನಲ್ಲಿ ಬರೆದು ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಬರುತ್ತವೆ.

ದಿಕ್ಕುಗಳಿಗೆ ನಮ್ಮಲ್ಲಿ ಎಷ್ಟು ಚೆಂದದ ಪದಗಳಿವೆ ನೋಡಿ: ಪೂರ್ವಕ್ಕೆ ಮೂಡು, ಪಶ್ಚಿಮಕ್ಕೆ ಪಡು, ದಕ್ಷಿಣಕ್ಕೆ ತೆಂಕು, ಉತ್ತರಕ್ಕೆ ಬಡಗು. ಮೂಡಬಿದಿರೆ, ಪಡುಬಿದ್ರಿ, ತೆಂಕನಿಡಿಯೂರು, ಬಡಾನಿಡಿಯೂರು ಎಂದು ಊರಿನ ಹೆಸರಲ್ಲೇ ದಿಕ್ಕು ಹೇಳುವ ಜಿಲ್ಲೆಗಳಿವು. ಮ, ಪ, ತ, ಬ ಎಂಬ ನಾಲ್ಕು ಅಡ್ಡಹೆಸರು ಕೊಟ್ಟರೆ ಒಂದೊಂದು ಅಕ್ಷರ ಒತ್ತಿ ನಡೆಯಬಹುದು. ಮಲ್ಪೆ ಬಂದರಿನಿಂದ 'ಮ' ಒತ್ತಿದರೆ ಆದಿಉಡುಪಿ, ಇನ್ನೊಮ್ಮೆ ಒತ್ತಿದರೆ ಉಡುಪಿ ಪೇಟೆ, ಮತ್ತೊಮ್ಮೆ ಮಣಿಪಾಲ. ಇವೆನಿಯಾದಲ್ಲಿ ಪ್ರತಿ ದಾರಿಯೂ ಒಮ್ಮುಖ. ಮರಳಿ ಬರುವ ದಾರಿಯನ್ನು ಬೇರೆಯಾಗಿ ಹಾಕದಿದ್ದರೆ ಆಟಗಾರ ಮಣಿಪಾಲದಲ್ಲೇ ಉಳಿಯುತ್ತಾನೆ.

ಎಲ್ಲಕ್ಕಿಂತ ಕಷ್ಟದ್ದು, ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು, ವ್ಯಾಕರಣ. ಇಂಗ್ಲಿಷ್ ಆಟದಲ್ಲಿ ಕ್ರಿಯಾಪದ ಮೊದಲು ಬರುತ್ತದೆ, ಯಂತ್ರ ಸಾಲಿನ ಮೊದಲ ಪದವನ್ನೇ ಆಜ್ಞೆಯೆಂದು ಓದುತ್ತದೆ. ನಾವು 'ಕಲ್ಲನ್ನು ಎತ್ತು' ಎನ್ನುತ್ತೇವೆ, ಆಜ್ಞೆ ಕೊನೆಗಿದೆ. ಆಜ್ಞೆ ಓದುವ ಭಾಗವನ್ನು ಬದಲಿಸಿಕೊಳ್ಳಲು ಇವೆನಿಯಾ ಬಿಡುತ್ತದೆ, ಕೊನೆಯ ಪದದಿಂದ ಓದುವಂತೆ ಮಾಡಿ. ವಿಭಕ್ತಿ ಪ್ರತ್ಯಯಗಳನ್ನು ಯಂತ್ರದಿಂದ ಕಳಚಿಸಲು ಹೋಗಬೇಡಿ. 'ಮರ' ಮರವನ್ನು ಆಗುತ್ತದೆ, 'ಕತ್ತಿ' ಕತ್ತಿಯನ್ನು ಆಗುತ್ತದೆ, 'ಕಲ್ಲು' ತನ್ನ ಉಕಾರವನ್ನೇ ಕಳೆದುಕೊಂಡು ಕಲ್ಲನ್ನು ಆಗುತ್ತದೆ. ಸಂಧಿಯಲ್ಲಿ ಸಿಕ್ಕಿ ಯಂತ್ರ ತಪ್ಪುತ್ತದೆ. ಪ್ರತಿ ವಸ್ತುವಿಗೂ ಕಲ್ಲು, ಕಲ್ಲನ್ನು, ಕಲ್ಲಿಗೆ, ಕಲ್ಲಿನಿಂದ ಎಂದು ರೂಪಗಳನ್ನು ಅಡ್ಡಹೆಸರಾಗಿ ಬರೆದಿಟ್ಟರೆ ಸಾಕು. ಆ ಪಟ್ಟಿಯನ್ನು ಮಕ್ಕಳೇ ಬರೆಯಲಿ. ಒಂದು ರೂಪ ತಪ್ಪಿದರೂ ಕಲ್ಲು ಏಳುವುದಿಲ್ಲ; ವಿಭಕ್ತಿಯನ್ನು ಇಷ್ಟು ಪ್ರೀತಿಯಿಂದ ತಿದ್ದಿಕೊಳ್ಳುವ ಅವಕಾಶ ಪಠ್ಯಪುಸ್ತಕದಲ್ಲಿ ಸಿಗದು. ತುಳುವಿನ ಆಟ ಕಟ್ಟುವವರಿಗೂ ಇದೇ ಲಿಪಿ, ಇದೇ ಏರ್ಪಾಡು.

ಕಣ್ಣು ಕಾಣದ ಮಕ್ಕಳು ಉಳಿದವರ ಜೊತೆ ಸಮನಾಗಿ ಆಡಬಲ್ಲ ಆಟವೂ ಇದು. ಎನ್‌ವಿಡಿಎ ಎಂಬ, ಪರದೆಯ ಬರಹವನ್ನು ಗಟ್ಟಿಯಾಗಿ ಓದುವ ಉಚಿತ ತೆರೆಯೋದುಗ ತನ್ನೊಳಗಿನ ಇ-ಸ್ಪೀಕ್ ಧ್ವನಿಯಲ್ಲಿ ಕನ್ನಡ ಓದುತ್ತದೆ. ಗೆರೆ, ಚುಕ್ಕಿಗಳಿಂದ ಬಿಡಿಸಿದ ನಕ್ಷೆಗಳನ್ನು ಆಟದಲ್ಲಿ ಇಡಬೇಡಿ, ಅದು ಪ್ರತಿ ಗೆರೆಯನ್ನೂ ಬಿಡದೆ ಓದುತ್ತ ಹೋಗುತ್ತದೆ. ಕಾಳಗದ ಸಾಲುಗಳು ಒಂದರ ಮೇಲೊಂದು ಬೀಳದಂತೆ ನಡುವೆ ಮೂರು-ನಾಲ್ಕು ಸೆಕೆಂಡು ಬಿಡಿ, ಕೇಳಿಸಿಕೊಂಡು ಉತ್ತರಿಸಲು ಅಷ್ಟು ಹೊತ್ತು ಬೇಕು.

ಇಪ್ಪತ್ತು ಜಾಗಗಳ ಒಂದು ಊರಿನಿಂದ ಶುರುಮಾಡಬಹುದು. ಹಳೆ ಯಂತ್ರಗಳ ವಿಲೇವಾರಿ ಪಟ್ಟಿಗೆ ಸಹಿ ಹಾಕುವ ಮುಖ್ಯೋಪಾಧ್ಯಾಯರು, ಗ್ರಂಥಪಾಲಕರು ದಯವಿಟ್ಟು ಸರ್ವರ್‌ಗೆ ಒಂದು, ಆಡಲು ನಾಲ್ಕು ಯಂತ್ರಗಳನ್ನು ಆ ಪಟ್ಟಿಯಿಂದ ತೆಗೆದಿಡಬೇಕೆಂದು ಕೋರುತ್ತೇನೆ.

ಇತಿ,
ಓದುಗ, ಉಡುಪಿ