ಇಂಧನ ಸಚಿವರಿಗೆ ಬಹಿರಂಗ ಪತ್ರ: ಬರಾಂಜ್ ಗಣಿಯಲ್ಲಿ ಮುರಿದ ಬೆರಳಿಗೂ ಲೆಕ್ಕ ಬೇಕು

ಮಾನ್ಯ ಇಂಧನ ಸಚಿವರಿಗೆ,

ನಮಸ್ಕಾರಗಳು.

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ಆದರೆ ಕರ್ನಾಟಕಕ್ಕೆ ಕಲ್ಲಿದ್ದಲು ಗಣಿ ಇದೆ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಭದ್ರಾವತಿ ತಾಲ್ಲೂಕಿನಲ್ಲಿರುವ (ನಮ್ಮ ಶಿವಮೊಗ್ಗದ ಭದ್ರಾವತಿಯಲ್ಲ) ಬರಾಂಜ್ ತೆರೆದ ಗಣಿ ಕರ್ನಾಟಕ ವಿದ್ಯುತ್ ನಿಗಮದ್ದು. 2014ರಲ್ಲಿ ಸುಪ್ರೀಂ ಕೋರ್ಟ್ ದೇಶದ ಕಲ್ಲಿದ್ದಲು ನಿಕ್ಷೇಪಗಳ ಹಂಚಿಕೆಯನ್ನು ರದ್ದುಮಾಡಿದ ನಂತರವೂ ಅದು ಮತ್ತೆ ನಿಗಮಕ್ಕೇ ಬಂತು. ಅಲ್ಲಿನ ಕಲ್ಲಿದ್ದಲು ಕುಡಿತಿನಿಯ ಬಳ್ಳಾರಿ ಸ್ಥಾವರಕ್ಕಾಗಿ. ಹಾಗಾಗಿ ಅಲ್ಲಿ ಒಬ್ಬ ಹೆಲ್ಪರ್‌ನ ಕೈ ಕಲ್ಲಿದ್ದಲು ಸಾಗಿಸುವ ಬೆಲ್ಟಿಗೆ ಸಿಕ್ಕರೆ ಅದು ನಿಮ್ಮ ಇಲಾಖೆಯ ವಿಷಯವೂ ಹೌದು.

ಬರಾಂಜ್‌ನಲ್ಲಿ ಇಂಥದ್ದು ನಡೆದಿದೆ ಎಂದು ಆರೋಪಿಸಲು ಈ ಪತ್ರ ಬರೆಯುತ್ತಿಲ್ಲ. ಗುತ್ತಿಗೆಯ ಮೇಲೆ ನಡೆಯುವ ತೆರೆದ ಗಣಿಗಳಲ್ಲಿ ಗಾಯಗಳು ಎಲ್ಲಿ ಆಗುತ್ತವೆ, ಆದವು ಹೇಗೆ ಲೆಕ್ಕದಿಂದ ಜಾರಿಹೋಗುತ್ತವೆ, ಅದನ್ನು ತಡೆಯಲು ನಿಮ್ಮ ಕೈಯಲ್ಲಿ ಏನಿದೆ ಎಂಬುದನ್ನು ಮಾತ್ರ ಹೇಳುತ್ತೇವೆ.

ಮೊದಲು ಲೆಕ್ಕದ ಮಾತು. ಗಣಿಯಲ್ಲಿ ಸಾವನ್ನು ಮುಚ್ಚಿಡುವುದು ಕಷ್ಟ, ಗಾಯವನ್ನು ಮುಚ್ಚಿಡುವುದು ಸುಲಭ. 1952ರ ಗಣಿ ಕಾಯ್ದೆಯ ಪ್ರಕಾರ ಗಾಯಾಳು 72 ಗಂಟೆ ಅಥವಾ ಹೆಚ್ಚು ಕಾಲ ಕೆಲಸದಿಂದ ದೂರ ಉಳಿಯಬೇಕಾದರೆ ಆ ಗಾಯ ವರದಿಯಾಗಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ ಅವಧಿಯನ್ನು 48 ಗಂಟೆಗೆ ಇಳಿಸಿದೆ. ಒಳ್ಳೆಯದೇ. ಆದರೆ ಕಳ್ಳದಾರಿ ಹಾಗೆಯೇ ಉಳಿದಿದೆ, ಅದರ ಹೆಸರು 'ಲೈಟ್ ಡ್ಯೂಟಿ'. ಬೆರಳು ಜಜ್ಜಿಸಿಕೊಂಡವನನ್ನು ಮರುದಿನ ಕರೆಸಿ, ಟೈಮ್ ಆಫೀಸಿನಲ್ಲಿ ಕೂರಿಸಿ, ಹಾಜರಿ ಹಾಕಿದರೆ ಅವನು ಕಾಗದದಲ್ಲಿ ಗೈರಾಗುವುದೇ ಇಲ್ಲ. ಗೈರಿಲ್ಲದಿದ್ದರೆ ಗಾಯವೂ ಇಲ್ಲ.

ಮೂಳೆ ಮುರಿದರೆ ಮಾತು ಬೇರೆ. ಬೆರಳಿನ ಒಂದು ಗೆಣ್ಣಿನ ಮೂಳೆ ಮುರಿದರೂ ಕಾನೂನು ಅದನ್ನು ಗಂಭೀರ ಗಾಯವೆಂದೇ ಎಣಿಸುತ್ತದೆ. ಅವನು ಎಷ್ಟು ದಿನ ರಜೆ ಹಾಕಿದ ಎಂಬುದು ಅಲ್ಲಿ ಲೆಕ್ಕಕ್ಕೇ ಬರದು. ಹಾಗಾಗಿ ಇಡೀ ವಿಷಯ ಒಂದು ಎಕ್ಸ್‌ರೇ ಮೇಲೆ ನಿಂತಿರುತ್ತದೆ. ಗಾಯಾಳುವನ್ನು ಗಣಿಯ ದವಾಖಾನೆಗೆ ಒಯ್ಯದೆ ಊರಿನ ಯಾವುದೋ ಕ್ಲಿನಿಕ್ಕಿಗೆ ಒಯ್ಯುವುದು, ಪಟ್ಟಿ ಕಟ್ಟಿಸಿ ಎಕ್ಸ್‌ರೇ ತೆಗೆಸದೆ ಬಿಡುವುದು ಇದೇ ಕಾರಣಕ್ಕೆ. ಗುತ್ತಿಗೆ ಪತ್ರದಲ್ಲಿ 'ಅಪಘಾತರಹಿತ ತಿಂಗಳಿಗೆ ಬೋನಸ್' ಎಂದಿದ್ದರೆ ಸೂಪರ್‌ವೈಸರ್‌ನಿಂದ ಹಿಡಿದು ಗಾಯಾಳುವಿನ ಪಕ್ಕದಲ್ಲಿ ಕೆಲಸ ಮಾಡುವವನವರೆಗೆ ಎಲ್ಲರಿಗೂ ಸುಮ್ಮನಿರುವುದೇ ಲಾಭ.

ಹೀಗೆ ಮುಚ್ಚಿಟ್ಟದ್ದರ ಬೆಲೆಯನ್ನು ತೆರುವವನು ಗಾಯಾಳು. ಕಾರ್ಮಿಕರ ಪರಿಹಾರದ ಹಳೆಯ ಕಾಯ್ದೆಯ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ 30 ಶೇಕಡಾ ನಷ್ಟ, ತೋರುಬೆರಳು ಪೂರ್ತಿ ಹೋದರೆ 14 ಶೇಕಡಾ. ಕೂಲಿ ತಿಂಗಳಿಗೆ 15,000 ರೂಪಾಯಿ, ವಯಸ್ಸು 30 ಎಂದು ಹಿಡಿಯಿರಿ. ಆ ಕಾಯ್ದೆಯ ಲೆಕ್ಕ ಶುರುವಾಗುವುದು ಕೂಲಿಯ 60 ಶೇಕಡಾದಿಂದ, ಎಂದರೆ 9,000. ಅದನ್ನು ಆ ವಯಸ್ಸಿನ ಗುಣಕವಾದ 207.98ರಿಂದ ಗುಣಿಸಿದರೆ 18,71,820. ಅದರ 30 ಶೇಕಡಾ 5,61,546 ರೂಪಾಯಿ. ಅಪಘಾತದ ದಿನ ರಿಜಿಸ್ಟರಿನಲ್ಲಿ ಒಂದು ಸಾಲು ಬರೆಯದಿದ್ದರೆ ಈ ಐದೂವರೆ ಲಕ್ಷಕ್ಕೆ ಆಧಾರವೇ ಇರುವುದಿಲ್ಲ. ಆರು ತಿಂಗಳ ನಂತರ ಅವನು ಮೊಂಡು ಬೆರಳು ತೋರಿಸಿದರೆ 'ಮನೆಯಲ್ಲಿ ಆದ ಗಾಯ' ಎಂಬ ಉತ್ತರ ಸಿದ್ಧವಾಗಿರುತ್ತದೆ.

ಇನ್ನು ಗಾಯಗಳು ಆಗುವ ಜಾಗಗಳಿಗೆ ಬರುತ್ತೇವೆ. ಕನ್ವೇಯರ್‌ನಿಂದ ಆರಂಭಿಸೋಣ, ಏಕೆಂದರೆ ಅದು ಗಣಿಯಲ್ಲೂ ಇದೆ, ಶಕ್ತಿನಗರ, ಕುಡಿತಿನಿ, ಯರಮರಸ್ ಸ್ಥಾವರಗಳ ಕಲ್ಲಿದ್ದಲು ವಿಭಾಗಗಳಲ್ಲೂ ಇದೆ. ಕಲ್ಲಿದ್ದಲು ಬೀಳುವ ಕಡೆ ಬೆಲ್ಟಿನ ಎರಡೂ ಅಂಚಿಗೆ ಇರುವ ಸ್ಕರ್ಟ್ ರಬ್ಬರ್ ಸವೆದಾಗ ಪುಡಿ ಹೊರಗೆ ಚೆಲ್ಲುತ್ತದೆ. ಚೆಲ್ಲಿದ್ದು ಟೇಲ್ ಪುಲ್ಲಿಯ (ಬೆಲ್ಟು ಸುತ್ತಿ ತಿರುಗುವ ಹಿಂತುದಿಯ ಉರುಳೆಯ) ಕೆಳಗೆ ಗುಡ್ಡೆಯಾಗಿ ಬೆಲ್ಟು ಒಂದು ಕಡೆಗೆ ಸರಿಯುತ್ತದೆ. ನಿಲ್ಲಿಸಿದರೆ ಲೋಡಿಂಗ್ ನಿಲ್ಲುತ್ತದೆಂದು ಓಡುತ್ತಿರುವಾಗಲೇ ಸಲಿಕೆ ಹಾಕಿ ಎಳೆಯುತ್ತಾರೆ. ಸೆಕೆಂಡಿಗೆ 3 ಮೀಟರ್ ಓಡುವ ಬೆಲ್ಟಿಗೆ ಸಲಿಕೆ ಸಿಕ್ಕರೆ, ಕೈ ಬಿಡಬೇಕೆಂದು ಹೊಳೆಯುವ ಅರ್ಧ ಸೆಕೆಂಡಿನಲ್ಲಿ ಬೆಲ್ಟು ಒಂದೂವರೆ ಮೀಟರ್ ಹೋಗಿರುತ್ತದೆ. ಕೈ ಅಷ್ಟು ಹೊತ್ತಿಗೆ ಪುಲ್ಲಿಯಲ್ಲಿರುತ್ತದೆ. ಬೆಲ್ಟು ನಿಲ್ಲಿಸುವ ಹಗ್ಗವಾದ ಪುಲ್ ಕಾರ್ಡ್ ಎಳೆದರೂ ತುಂಬಿದ ಬೆಲ್ಟು ತಕ್ಷಣ ನಿಲ್ಲುವುದಿಲ್ಲ.

ಇದಕ್ಕೆ ಮದ್ದು ಹೊಸದೇನಲ್ಲ. ಪುಲ್ಲಿಯ ಸುತ್ತ ಬೋಲ್ಟ್ ಬಿಗಿದ ಜಾಲರಿ ಇರಬೇಕು. ಶುಚಿ ಮಾಡುವ ಮೊದಲು ಸ್ಟಾಪ್ ಬಟನ್ ಒತ್ತಿದರೆ ಸಾಲದು. ಪ್ಯಾನಲ್ ಕೋಣೆಯಲ್ಲಿ ಬ್ರೇಕರ್ ಹೊರಗೆಳೆದು, ಕೆಳಗೆ ಇಳಿಯುವ ಪ್ರತಿಯೊಬ್ಬನೂ ತನ್ನದೇ ಬೀಗ ಹಾಕಿ, ಕೀಲಿಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಆಮೇಲೆ ಸ್ಟಾರ್ಟ್ ಒತ್ತಿ, ಬೆಲ್ಟು ಅಲ್ಲಾಡದೆಂದು ಖಾತ್ರಿ ಮಾಡಿಕೊಳ್ಳಬೇಕು. ಕರೆಂಟು ಹೋದರೂ, ಬಿಗಿ ಕಾಯಲು ತೂಗುಬಿಟ್ಟ ಭಾರವಾದ ಕೌಂಟರ್‌ವೇಟ್ ಬೆಲ್ಟನ್ನು ಎಳೆಯುತ್ತಲೇ ಇರುತ್ತದೆ, ಅದನ್ನೂ ಕಟ್ಟಿಹಾಕಬೇಕು. ಮರೆಯುವುದು ಹೆಚ್ಚಾಗಿ ಇದನ್ನೇ.

ವರ್ಕ್‌ಶಾಪಿನ ಗಾಯಗಳೂ ಹೀಗೆಯೇ, ಒಂದು ಸಣ್ಣ ಭಾಗ ಇಲ್ಲದೆ ಆಗುವಂಥವು. ಡಂಪರ್ ಲಾರಿಯ ಬಾಡಿ ಎತ್ತಿ, ಕೆಳಗೆ ಹೈಡ್ರಾಲಿಕ್ ಹೋಸ್ ಬಿಚ್ಚುತ್ತಾರೆ. ಆ ಬಾಡಿಯನ್ನು ಹಿಡಿದು ನಿಲ್ಲಿಸಿರುವುದು ಹೋಸಿನೊಳಗಿನ ಎಣ್ಣೆಯೇ. ಎತ್ತಿದ ಬಾಡಿ ಕೆಳಗಿಳಿಯದಂತೆ ಹಾಕುವ ಉಕ್ಕಿನ ಪಿನ್ ಕಳೆದುಹೋಗಿದೆಯೆಂದು ಮರದ ತುಂಡು ಇಟ್ಟು ಕೆಲಸ ಸಾಗಿಸಿದರೆ ಆ ಮರ ಸೀಳಿಹೋಗುತ್ತದೆ. ಟೈರಿಗೆ ಗಾಳಿ ತುಂಬುವಾಗ ಅದನ್ನು ರಿಮ್ಮಿನ ಮೇಲೆ ಹಿಡಿದಿಡುವ ಉಕ್ಕಿನ ಬಳೆ, ಲಾಕ್ ರಿಂಗ್, ಸರಿಯಾಗಿ ಕೂರದಿದ್ದರೆ ಸಿಡಿಯುತ್ತದೆ. ಅದಕ್ಕೆ ಬೇಕಾದದ್ದು ಒಂದು ಕಬ್ಬಿಣದ ಪಂಜರ ಮತ್ತು ದೂರದಲ್ಲಿ, ಟೈರಿನ ಪಕ್ಕಕ್ಕೆ ನಿಂತು ಗಾಳಿ ಬಿಡಲು ಸಾಕಾಗುವಷ್ಟು ಉದ್ದದ ಹೋಸ್.

ಮಣ್ಣು ಸುರಿಯುವ ರಾಶಿಯ, ಅಂದರೆ ಡಂಪಿನ, ಅಂಚು ಇನ್ನೂ ಅಪಾಯದ ಜಾಗ. ಮೇಲ್ಮಣ್ಣು (ಕಲ್ಲಿದ್ದಲಿನ ಮೇಲಿಂದ ತೆಗೆದ ಮಣ್ಣು, ಕಲ್ಲು) ಸುರಿಯಲು ಡ್ರೈವರ್ ಹಿಂದಕ್ಕೆ ಬರುವಾಗ ಅವನಿಗೆ ಅಂಚು ಕಾಣುವುದಿಲ್ಲ, ಮಣ್ಣಿನ ಬದು ಚಕ್ರಕ್ಕೆ ತಾಗಿದಾಗಲೇ ತಿಳಿಯಬೇಕು. ಓಡಾಡುವ ಅತಿ ದೊಡ್ಡ ವಾಹನದ ಚಕ್ರದಷ್ಟು ಎತ್ತರದ ಬದು ಇರಬೇಕೆನ್ನುವುದು ಆ ಕಾರಣಕ್ಕೆ. 60 ಟನ್ ಡಂಪರಿನ ಚಕ್ರ ಆಳೆತ್ತರ ಮೀರುತ್ತದೆ. ಆದರೆ ಬದು ಕಟ್ಟುವ ಡೋಜರ್ ರಿಪೇರಿಗೆ ಹೋದ ಪಾಳಿಯಲ್ಲೂ ಸುರಿಯುವುದು ನಿಲ್ಲುವುದಿಲ್ಲ, ಏಕೆಂದರೆ ಗುತ್ತಿಗೆದಾರನಿಗೆ ಹಣ ಬರುವುದು ಸುರಿದ ಮಣ್ಣಿಗೆ ಮತ್ತು ತೆಗೆದ ಕಲ್ಲಿದ್ದಲಿಗೆ.

2017ರ ಕಲ್ಲಿದ್ದಲು ಗಣಿ ನಿಯಮಗಳು ಡಂಪಿನ ಇಳಿಜಾರು 37.5 ಡಿಗ್ರಿ ಮೀರಬಾರದು, 30 ಮೀಟರಿಗೊಂದು ಮೆಟ್ಟಿಲು ಇರಬೇಕು ಎನ್ನುತ್ತವೆ. ಜಾರ್ಖಂಡ್‌ನ ರಾಜಮಹಲ್ ತೆರೆದ ಗಣಿಯಲ್ಲಿ 2016ರ ಡಿಸೆಂಬರ್ 29ರ ರಾತ್ರಿ ಮೇಲ್ಮಣ್ಣಿನ ರಾಶಿ ಕುಸಿದು 23 ಜನ ಯಂತ್ರಗಳ ಸಮೇತ ಮಣ್ಣುಪಾಲಾದರು. ಅವರು ಗುತ್ತಿಗೆ ಕಾರ್ಮಿಕರು. ಇಂಥ ರಾಶಿ ಜಾರುವ ಮುನ್ನ ಅದರ ನೆತ್ತಿಯಲ್ಲಿ ಬಿರುಕು ಬಿಡುತ್ತದೆ. ಆ ಬಿರುಕನ್ನು ಪ್ರತಿ ಪಾಳಿಯಲ್ಲಿ ಅಳೆದು ಬರೆಯುವವನು, ಅಗಲವಾಗುತ್ತಿದ್ದರೆ ಅಗೆಯುವ ಯಂತ್ರವಾದ ಶಾವೆಲ್ ಹೊರಗೆ ತೆಗೆಸುವ ಅಧಿಕಾರ ಇರುವವನು ಇಬ್ಬರೂ ಬೇಕು.

ಗಣಿ ಸುರಕ್ಷತೆ ಕೇಂದ್ರದ ವಿಷಯ, ಧನ್‌ಬಾದ್‌ನ ಮಹಾನಿರ್ದೇಶನಾಲಯ ನೋಡಿಕೊಳ್ಳುತ್ತದೆ ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. ತಪಾಸಣೆ ಅವರದು ನಿಜ. ಟೆಂಡರ್ ನಿಮ್ಮದು. ಗುತ್ತಿಗೆದಾರನೂ ಮಾಲೀಕನಂತೆಯೇ ಹೊಣೆ, ಆದರೆ ಅದರಿಂದ ಮಾಲೀಕನ ಹೊಣೆ ತಪ್ಪದು ಎಂದು ಗಣಿ ಕಾಯ್ದೆಯೇ ಹೇಳಿತ್ತು.

ಆದ್ದರಿಂದ ನಿಗಮದ ಗುತ್ತಿಗೆ ಪತ್ರಗಳಲ್ಲಿ ಈ ಬದಲಾವಣೆಗಳನ್ನು ಮಾಡಿಸಿ. ಡೋಜರ್, ಬೆಳಕು, ಜಾಲರಿ, ಬೀಗ, ಹಿಂಬದಿ ಕ್ಯಾಮೆರಾ ಇವುಗಳ ಖರ್ಚು ಟನ್ ದರದೊಳಗೆ ಸೇರದೆ ಬೇರೆ ಬಾಬತ್ತಾಗಿ ಇರಲಿ, ಇದ್ದದ್ದನ್ನು ನೋಡಿದ ಮೇಲೆಯೇ ಆ ಹಣ ಸಂದಾಯವಾಗಲಿ. ಅಪಾಯ ಕಂಡು ಕೆಲಸ ನಿಲ್ಲಿಸಿದ ಗಂಟೆಗಳಿಗೆ ದಂಡ ಹಾಕಬೇಡಿ, ಕಾರ್ಮಿಕನ ಕೂಲಿ ಕತ್ತರಿಸದಂತೆ ಷರತ್ತು ಹಾಕಿ. ಅಪಘಾತರಹಿತ ಬೋನಸ್ ಎಲ್ಲಿದ್ದರೂ ತೆಗೆದುಹಾಕಿ. ಲೈಟ್ ಡ್ಯೂಟಿ ಕೊಟ್ಟ ಪ್ರತಿ ಪ್ರಕರಣಕ್ಕೂ ಎಕ್ಸ್‌ರೇ ಮತ್ತು ವೈದ್ಯರ ಸಹಿ ಕಡ್ಡಾಯವಾಗಲಿ, ಅದರ ಪ್ರತಿ ಗಾಯಾಳುವಿನ ಕೈಗೆ ಅವನಿಗೆ ಓದಲು ಬರುವ ಭಾಷೆಯಲ್ಲಿ ಸಿಗಲಿ. ಬರಾಂಜ್ ಗಣಿ ಮತ್ತು ಮೂರೂ ಸ್ಥಾವರಗಳ ಕಲ್ಲಿದ್ದಲು ವಿಭಾಗಗಳಲ್ಲಿ ಆದ ಗಾಯಗಳ ಪಟ್ಟಿಯನ್ನು, ಹೆಸರುಗಳನ್ನು ಬಿಟ್ಟು, ಪ್ರತಿ ತಿಂಗಳು ನಿಗಮ ಪ್ರಕಟಿಸಲಿ: ಯಾವ ಪಾಳಿ, ಯಾವ ಯಂತ್ರ, ದೇಹದ ಯಾವ ಭಾಗ, ಕಾಯಂ ನೌಕರನೋ ಗುತ್ತಿಗೆಯವನೋ, ಪರಿಹಾರ ಎಷ್ಟು, ಯಾವತ್ತು ಕೊಟ್ಟದ್ದು.

ಈ ಪಟ್ಟಿ ಶುರುವಾದ ಮೊದಲ ತಿಂಗಳುಗಳಲ್ಲಿ ಸಂಖ್ಯೆ ಏರುತ್ತದೆ. ಆಗ ನಿಮ್ಮ ಮೇಲೆ ಟೀಕೆ ಬರಬಹುದು. ದಯವಿಟ್ಟು ಆ ಏರಿಕೆಗೆ ಯಾವ ಅಧಿಕಾರಿಯನ್ನೂ ದಂಡಿಸಬೇಡಿ. ಅವು ಹೊಸ ಗಾಯಗಳಲ್ಲ, ಈವರೆಗೆ ಯಾರೂ ಬರೆದುಕೊಳ್ಳದವು.

ಇತಿ ತಮ್ಮ ವಿಶ್ವಾಸಿಗಳು,
ಗಣಿ ಮತ್ತು ಕಲ್ಲಿದ್ದಲು ಸಾಗಣೆಯ ಸುರಕ್ಷತೆಯನ್ನು ಬಲ್ಲ ಕೆಲವರು