ಎಂಜಿನಿಯರುಗಳೂ ಸಂಸದರ ಬಾಗಿಲು ತಟ್ಟಲಿ

ಮಾನ್ಯ ಸಂಪಾದಕರೇ,

ಎಂಜಿನಿಯರುಗಳ ದಿನವಾದ ಸೆಪ್ಟೆಂಬರ್ 15 ಬಂತೆಂದರೆ ಊರೂರಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ, ಮಂತ್ರಿಗಳ ಭಾಷಣ, ಹಿರಿಯ ಎಂಜಿನಿಯರುಗಳಿಗೆ ಶಾಲು. ನಾನೂ ಆ ಶಾಲು ಹೊದ್ದವನೇ. ಆದರೆ ಎದುರಿಗೇ ಕೂತ ಮಂತ್ರಿಯ ಬಳಿ ಎಂಜಿನಿಯರುಗಳ ವೃತ್ತಿಗೊಂದು ಕಾಯ್ದೆ ಬೇಕೆಂಬ ಮಾತೆತ್ತೋಣವೆಂದರೆ ನಮ್ಮವರಲ್ಲಿ ಅನೇಕರು, ‘ರಾಜಕೀಯದ ಉಸಾಬರಿ ನಮಗೇಕೆ’ ಎನ್ನುತ್ತಾರೆ. ಮೈಸೂರಿನ ದಿವಾನರಾಗಿ ಪ್ರಜಾಪ್ರತಿನಿಧಿ ಸಭೆಯ ಅಧಿಕಾರವನ್ನೇ ಹೆಚ್ಚಿಸಿದವರ ಹುಟ್ಟುಹಬ್ಬದಂದು ಆಡುವ ಮಾತೇ ಇದು?

ಲೆಕ್ಕಪರಿಶೋಧಕರಿಗೆ 1949ರಲ್ಲಿ, ವಕೀಲರಿಗೆ 1961ರಲ್ಲಿ, ವಾಸ್ತುಶಿಲ್ಪಿಗಳಿಗೆ 1972ರಲ್ಲಿ ಕಾಯ್ದೆ ಬಂತು. 1920ರಲ್ಲಿ ಹುಟ್ಟಿದ ನಮ್ಮ ಸಂಸ್ಥೆ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ನಮಗೂ ಒಂದು ಕಾಯ್ದೆ ಬೇಕೆಂದು ದಶಕಗಳಿಂದ ಕೇಳುತ್ತಿದೆ, ನಿಜ. ಮನವಿ ಕೊಡುವುದು ಬೇರೆ, ಬೆನ್ನು ಹತ್ತುವುದು ಬೇರೆ.

ನಮ್ಮ ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್ 19ರಂದು ಕಟ್ಟಡ ಕುಸಿದು 19 ಮಂದಿ ಸತ್ತರು. ಅದಾದ ಮೇಲೂ ಮಾಲೀಕರೊಬ್ಬರು ನನ್ನ ಬಳಿ ಬಂದಿದ್ದರು. ಎರಡು ಅಂತಸ್ತಿಗೆಂದು ಹಾಕಿದ ಅಡಿಪಾಯದ ಮೇಲೆ ಇನ್ನೆರಡು ಎತ್ತಬೇಕಂತೆ. ಹೋಗಿ ನೋಡಿದೆ. ಒಂಬತ್ತಿಂಚಿನ ಕಂಬ. ಬುಡದಲ್ಲಿ ಕಾಂಕ್ರೀಟು ಸರಿಯಾಗಿ ಕೂರದೆ ತೂತುಬಿದ್ದಿತ್ತು; ಬೆರಳು ತೂರಿಸಿದರೆ ತುಕ್ಕು ಹಿಡಿದ ಸರಳು ತಗಲುತ್ತಿತ್ತು. ಆ ವಿನ್ಯಾಸಕ್ಕೆ ಸಹಿ ಹಾಕುವುದಿಲ್ಲ ಎಂದೆ. ‘ನೀವಲ್ಲದಿದ್ದರೆ ಇನ್ನೊಬ್ಬರು’ ಎಂದು ನಗುತ್ತಲೇ ಹೋದರು. ಕಟ್ಟಡ ಎದ್ದಿದೆ. ಆ ಸಹಿ ಹಾಕಿದ್ದು ಯಾರು, ಯಾವ ಲೆಕ್ಕದ ಮೇಲೆ ಎಂದು ಕರೆದು ಕೇಳುವ ವೃತ್ತಿಪರ ಮಂಡಳಿ ನಮಗಿಲ್ಲ. ವೈದ್ಯರಿಗಿದೆ, ವಕೀಲರಿಗಿದೆ.

2025ರಲ್ಲಿ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ ವೃತ್ತಿಪರ ಎಂಜಿನಿಯರುಗಳ ಮಸೂದೆಯ ಕರಡನ್ನು ಜನರ ಮುಂದಿಟ್ಟು ಅಭಿಪ್ರಾಯ ಕೇಳಿತು. ನೋಂದಣಿಗೊಂದು ರಾಷ್ಟ್ರೀಯ ಮಂಡಳಿ ಬೇಕೆಂಬುದು ಅದರ ತಿರುಳು. ಸಂತೋಷವೇ. ಆದರೆ ಬಿರುದನ್ನಷ್ಟೇ ಕಾಯುವ ಕಾಯ್ದೆಯಾದರೆ ಬಂದೂ ಉಪಯೋಗವಿಲ್ಲ. ವಾಸ್ತುಶಿಲ್ಪಿಗಳಿಗೆ ಆದದ್ದು ನೋಡಿ: ಅವರ ಕಾಯ್ದೆ ‘ಆರ್ಕಿಟೆಕ್ಟ್’ ಎಂಬ ಹೆಸರು ಹಾಕಿಕೊಳ್ಳುವುದನ್ನು ತಡೆಯುತ್ತದೆಯೇ ಹೊರತು ನೋಂದಣಿ ಇಲ್ಲದವರು ಆ ಕೆಲಸ ಮಾಡುವುದನ್ನಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ನಾಳೆ ನಮಗೂ ಅದೇ ಗತಿ. ಬಹುಮಹಡಿ ಕಟ್ಟಡ, ಸೇತುವೆಗಳ ವಿನ್ಯಾಸಕ್ಕೆ ನೋಂದಾಯಿತ ಎಂಜಿನಿಯರ ಸಹಿ ಕಡ್ಡಾಯ, ಸುಳ್ಳು ಸಹಿಗೆ ನೋಂದಣಿ ರದ್ದು ಎಂದು ಮಸೂದೆಯಲ್ಲೇ ಬರೆಸಬೇಕು. (ಹಳ್ಳಿಯಲ್ಲಿ ಎರಡು ಕೋಣೆಯ ಮನೆ ಕಟ್ಟುವವರನ್ನು ಇದರಲ್ಲಿ ಸಿಕ್ಕಿಸುವುದು ಬೇಡ.)

ಬರೆಸುವವರು ಯಾರು? ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘ 1998ರಿಂದ ಆ ದೇಶದ ರಸ್ತೆ, ಸೇತುವೆ, ಅಣೆಕಟ್ಟುಗಳಿಗೆ ಗ್ರೇಡ್ ಕೊಡುತ್ತ ಬಂದಿದೆ. 2021ರಲ್ಲಿ ಕೊಟ್ಟದ್ದು ಸಿ ಮೈನಸ್. ಸದಸ್ಯರೇ ವಾಷಿಂಗ್ಟನ್ನಿಗೆ ಹೋಗಿ ತಮ್ಮ ಕ್ಷೇತ್ರದ ಸಂಸದರನ್ನು ಕಾಣುತ್ತಾರೆ. ಅದೇ ವರ್ಷ ಅಲ್ಲಿ ಬಂದ ಭಾರೀ ಮೂಲಸೌಕರ್ಯ ಕಾಯ್ದೆ ಇವರಿಂದಲೇ ಆಯಿತೆಂದು ನಾನು ಹೇಳುವುದಿಲ್ಲ. ಆ ಚರ್ಚೆಯಲ್ಲಿ ಅವರಂತೂ ಬಾಯಿ ಮುಚ್ಚಿ ಕೂರಲಿಲ್ಲ.

ನಮ್ಮ ಸಂಸ್ಥೆಯ ರಾಜ್ಯ ಕೇಂದ್ರ ಇರುವುದು ಬೆಂಗಳೂರಿನ ಅಂಬೇಡ್ಕರ್ ವೀಧಿಯಲ್ಲಿ, ವಿಧಾನಸೌಧವಿರುವ ರಸ್ತೆಯಲ್ಲೇ. ಕರ್ನಾಟಕದ 28 ಲೋಕಸಭಾ ಸದಸ್ಯರಿಗೂ ಕಡ್ಡಾಯ ಸಹಿ, ಸುಳ್ಳು ಸಹಿಗೆ ನೋಂದಣಿ ರದ್ದು ಎಂಬ ಈ ಎರಡು ಬೇಡಿಕೆಗಳನ್ನು ಅದು ಬರೆದು ಕಳಿಸಲಿ. ಬಂದ ಉತ್ತರಗಳನ್ನು, ಉತ್ತರ ಕೊಡದವರ ಹೆಸರುಗಳನ್ನು ಪತ್ರಿಕೆಗಳಿಗೆ ಕೊಡಲಿ.

– ನಿವೃತ್ತ ಸಿವಿಲ್ ಎಂಜಿನಿಯರ್, ಧಾರವಾಡ