ಚಿಕ್ಕಮ್ಮ ಆಪರೇಷನ್‌ಗೆ ಸಹಿ ಹಾಕುವ ಮೊದಲು

ಲಂಡನ್

ಅಮ್ಮಾ,

ನಮಸ್ಕಾರ. ನಾನು ಆರಾಮಾಗಿದ್ದೇನೆ, ಅಪ್ಪನಿಗೂ ಹೇಳು. ಚಿಕ್ಕಮ್ಮನ ಗರ್ಭಕೋಶ ಜಾರಿದೆ, ಹಾಗೇ ಬಿಟ್ಟರೆ ಕ್ಯಾನ್ಸರ್ ಆಗುತ್ತದೆ, ಮುಂದಿನ ತಿಂಗಳೇ ಆಪರೇಷನ್ ಮಾಡಿ ತೆಗೆಯಬೇಕು ಅಂದಿದ್ದಾರೆ ಅಂತ ನೀನು ಬರೆದದ್ದು ಓದಿದ ಮೇಲೆ ಬೇರೆ ಕೆಲಸಕ್ಕೆ ಕೈಯೇ ಹೋಗಲಿಲ್ಲ. ಫೋನಿನಲ್ಲಿ ಹೇಳೋಣ ಅಂದರೆ ನೀನು ಸ್ಪೀಕರ್ ಹಾಕುತ್ತೀಯ, ಮನೆಮಂದಿಯೆಲ್ಲ ಸುತ್ತ ಕೂರುತ್ತಾರೆ. ಆಮೇಲೆ ಚಿಕ್ಕಮ್ಮ ನನ್ನ ಜೊತೆ ಮಾತೇ ಬಿಡುತ್ತಾರೆ. ಇದನ್ನು ಅವರೊಬ್ಬರಿಗೇ ಓದಿ ಹೇಳು.

ಗರ್ಭಕೋಶ ಜಾರುವುದು ಅಂದರೆ ಕ್ಯಾನ್ಸರ್ ಅಲ್ಲ. ಹಾಗೇ ಬಿಟ್ಟರೆ ಕ್ಯಾನ್ಸರ್ ಆಗುತ್ತದೆ ಅನ್ನುವುದೂ ಸುಳ್ಳು. ಯಾರು ಹಾಗೆ ಹೆದರಿಸಿದರೋ! ಹೆರಿಗೆ, ವಯಸ್ಸು, ವರ್ಷಗಟ್ಟಲೆ ಭಾರ ಎತ್ತಿದ್ದು, ಬಿಡದ ಕೆಮ್ಮು, ಮಲಬದ್ಧತೆ ಇವೆಲ್ಲ ಸೇರಿ ಒಳಗೆ ಹಿಡಿದಿಡುವ ಸ್ನಾಯು ಸಡಿಲವಾಗುತ್ತದೆ, ಅಷ್ಟೇ. ಮುಂದಿನ ತಿಂಗಳೇ ಆಪರೇಷನ್ ಆಗಲೇಬೇಕು ಅನ್ನುವ ಅವಸರ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಮೂತ್ರ ಪೂರ್ತಿ ಕಟ್ಟಿಕೊಂಡರೆ ಅಥವಾ ಮುಟ್ಟು ನಿಂತ ಈ ವಯಸ್ಸಲ್ಲಿ ರಕ್ತ ಕಂಡರೆ ಮಾತ್ರ ಕಾಯಬೇಡಿ, ತಕ್ಷಣ ತೋರಿಸಿ.

ಇಲ್ಲಿ ಎಷ್ಟೋ ಜನಕ್ಕೆ ಮೊದಲು ರಿಂಗ್ ಹಾಕಿ ನೋಡುತ್ತೇವೆ. ಯೋನಿಯೊಳಗೆ ಇಡುವ ಮೆತ್ತನೆಯ ಸಿಲಿಕೋನ್ ರಿಂಗ್ ಅದು. ಬೆರಳಲ್ಲಿ ಹಿಂಡಿದರೆ ಮಡಚಿಕೊಳ್ಳುತ್ತದೆ, ಒಳಗೆ ಹೋದ ಮೇಲೆ ಬಿಚ್ಚಿಕೊಂಡು ಗರ್ಭಕೋಶವನ್ನು ಎತ್ತಿ ಹಿಡಿಯುತ್ತದೆ. ಸೈಜು ಸರಿಯಿದ್ದರೆ ಇದೆ ಅಂತಲೇ ಗೊತ್ತಾಗುವುದಿಲ್ಲ. ಆಗಾಗ ತೆಗೆದು ತೊಳೆದು ತಪಾಸಣೆ ಮಾಡಬೇಕು. ಹಾಕಿದ ಮೇಲೆ ನಡೆದು, ಕೆಮ್ಮಿ, ಮೂತ್ರಕ್ಕೆ ಹೋಗಿ ಬನ್ನಿ ಅಂತ ಕಳಿಸುತ್ತೇವೆ, ಜಾರಿ ಬೀಳುತ್ತದೋ ನೋಡಲು. ಮೊನ್ನೆ ಒಬ್ಬ ಅಜ್ಜಿ ಮೂರು ಮಹಡಿ ಹತ್ತಿಳಿದು ಬಂದು, ಸೊಂಟದ ಮೇಲೆ ಕೈಯಿಟ್ಟು, ಇನ್ನೇನು ಮಾಡಿ ತೋರಿಸಲಿ ಅಂತ ಕೇಳಿದರು! ನನ್ನ ಸಂಶೋಧನೆಯೂ ಇದರ ಬಗ್ಗೆಯೇ. ರಿಂಗ್ ಹಾಕಿಸಿಕೊಂಡವರಲ್ಲಿ ಯಾರು ಮುಂದುವರಿಸುತ್ತಾರೆ, ಯಾರು ಬಿಡುತ್ತಾರೆ, ಯಾಕೆ ಅಂತ.

ಡಾಕ್ಟರ್ ಆದ ಮೇಲೂ ಇನ್ನೇನು ಓದು ಅಂತ ಅಪ್ಪ ಕೇಳಿದರಂತೆ. ಫೆಲೋಶಿಪ್ ಅಂದರೆ ಬರೀ ಓದಲ್ಲ ಅಂತ ಹೇಳು. ಕೆಲವು ದಿನ ಕ್ಲಿನಿಕ್, ಉಳಿದ ದಿನ ಕಾಗದಪತ್ರ. ಸಂಶೋಧನೆ ಪೇಷಂಟ್‌ಗೆ ನ್ಯಾಯವಾಗಿದೆಯೇ ಅಂತ ನೋಡುವ ಎಥಿಕ್ಸ್ ಕಮಿಟಿ ಒಪ್ಪದೆ, ಸಂಶೋಧನೆಗಾಗಿ ಅವರಿಗೆ ಒಂದು ಪ್ರಶ್ನೆ ಕೂಡ ಕೇಳುವ ಹಾಗಿಲ್ಲ. ಪೇಷಂಟ್ ಹೆಸರಿನ ಜಾಗದಲ್ಲಿ ನಂಬರ್ ಇರುತ್ತದೆ. ಬೇಡ ಅನ್ನಿಸಿದರೆ ಕಾರಣ ಹೇಳದೆ ಎದ್ದು ಹೋಗಬಹುದು. ಇಲ್ಲಿನವರಿಗೆ ನಾಚಿಕೆ ಕಡಿಮೆ ಅಮ್ಮಾ. ಮೂತ್ರ ಸೋರುವುದರ ಬಗ್ಗೆ ಆಸ್ಪತ್ರೆಯ ಟಾಯ್ಲೆಟ್ ಬಾಗಿಲಿನ ಮೇಲೆಯೇ ಪೋಸ್ಟರ್ ಅಂಟಿಸಿರುತ್ತಾರೆ. ಎಷ್ಟು ಕುಡಿದೆ, ಎಷ್ಟು ಹೋಯಿತು ಅಂತ 3 ದಿನ ಅಳೆದು ಬರೆದು ತನ್ನಿ ಅಂದರೆ, ಮಿಲಿಲೀಟರ್ ಲೆಕ್ಕದಲ್ಲಿ ಅಚ್ಚುಕಟ್ಟಾಗಿ ಬರೆದು ತರುತ್ತಾರೆ. ನಾನೋ, ಮೂತ್ರಕೋಶದ ಒತ್ತಡ ಅಳೆಯುವ ಮೆಷಿನ್ ಪಕ್ಕ ನಿಂತು, ಕೆಮ್ಮಿ, ಇನ್ನೂ ಜೋರಾಗಿ ಕೆಮ್ಮಿ ಅನ್ನುತ್ತಿರುತ್ತೇನೆ. ಇದಕ್ಕೇ ಅಷ್ಟು ಖರ್ಚು ಮಾಡಿದ್ದಾ ಅಂತ ಅಪ್ಪ ನಗಲಿ ಬಿಡು.

ಚಿಕ್ಕಮ್ಮನ ವಿಷಯಕ್ಕೆ ಬರುತ್ತೇನೆ. ಗರ್ಭಕೋಶ ತೆಗೆದರೆ ಎಲ್ಲ ಸರಿಹೋಗುತ್ತದೆ ಅಂತ ಅವರಿಗೆ ಹೇಳಿದ್ದಾರಲ್ಲ, ಅದೇ ನನಗೆ ಚಿಂತೆ. ಹಗ್ಗ ಸಡಿಲವಾದರೆ ತೊಟ್ಟಿಲನ್ನೇ ಕಿತ್ತೆಸೆದಂತೆ ಅದು. ತೆಗೆದ ಮೇಲೆ ಉಳಿಯುವ ಯೋನಿಯ ಮೇಲ್ತುದಿಯನ್ನು ಮೇಲಕ್ಕೆ ಹೇಗೆ ಕಟ್ಟುತ್ತೀರಿ ಅಂತ ಡಾಕ್ಟರನ್ನು ಕೇಳಲಿ, ಇಲ್ಲದಿದ್ದರೆ ಅದೂ ಮತ್ತೆ ಜಾರಬಹುದು. ಜಾರಿದ್ದನ್ನು ಎತ್ತಿ ಹಿಡಿಯಲು ಮೆಶ್ ಅನ್ನುವ ಪ್ಲಾಸ್ಟಿಕ್ ಬಲೆ ಹಾಕುತ್ತೀರಾ ಅಂತಲೂ ಕೇಳಲಿ. ಯೋನಿಯ ಮೂಲಕ ಮೆಶ್ ಹಾಕುವುದನ್ನು ಇಂಗ್ಲೆಂಡಿನಲ್ಲಿ 2018ರ ಜುಲೈನಲ್ಲೇ ತಡೆಹಿಡಿದರು. ಜಾರಿದ್ದನ್ನು ಸರಿಪಡಿಸಲು ಹಾಗೆ ಹಾಕುವ ಮೆಶ್ ಮಾರಬೇಡಿ ಅಂತ 2019ರಲ್ಲಿ ಔಷಧ, ವೈದ್ಯಕೀಯ ಸಾಧನಗಳ ಮೇಲೆ ನಿಗಾ ಇಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಕಂಪನಿಗಳಿಗೆ ಹೇಳಿತು. ನೋವು ಅನುಭವಿಸಿದ ಹೆಂಗಸರು ವರ್ಷಗಟ್ಟಲೆ ಹೋರಾಡಿದ ಮೇಲೆ ಆದದ್ದು ಇದು. ಇನ್ನೊಂದು, ಜಾರಿದ್ದನ್ನು ಮೇಲೆತ್ತಿದ ಮೇಲೆ ಕೆಲವರಿಗೆ ಕೆಮ್ಮಿದಾಗ ಮೂತ್ರ ಸೋರುವುದು ಹೊಸದಾಗಿ ಶುರುವಾಗುತ್ತದೆ. ಅದನ್ನು ಮೊದಲೇ ಪರೀಕ್ಷೆ ಮಾಡಿದ್ದಾರಾ? ಹೀಗೆಲ್ಲ ಕೇಳಿದರೆ ಒಳ್ಳೆಯ ಡಾಕ್ಟರ್ ಸಿಟ್ಟಾಗುವುದಿಲ್ಲ. ಸಿಟ್ಟಾದರೆ ಇನ್ನೊಬ್ಬರ ಹತ್ತಿರ ಹೋಗೋಣ. ಆಪರೇಷನ್ನೇ ಬೇಡ ಅಂತಲ್ಲ, ಬೇಕಾದರೆ ಮಾಡಿಸೋಣ. ದುಡ್ಡಿನ ಯೋಚನೆ ನನಗೆ ಬಿಡಿ.

ಅಲ್ಲಿಯವರೆಗೆ ವ್ಯಾಯಾಮ ಶುರುಮಾಡಲಿ. ಆರ್ನಾಲ್ಡ್ ಕೆಗೆಲ್ ಅನ್ನುವ ಅಮೆರಿಕದ ಡಾಕ್ಟರ್ 1948ರಲ್ಲೇ ಬರೆದದ್ದು. ಗಾಳಿ, ಮೂತ್ರ ಎರಡನ್ನೂ ತಡೆದ ಹಾಗೆ ಒಳಗೆ ಬಿಗಿಹಿಡಿದು ಬಿಡುವುದು. ಒಂದು ಸಲಕ್ಕೆ 8, ದಿನಕ್ಕೆ ಮೂರು ಸಲ, ಕನಿಷ್ಠ 4 ತಿಂಗಳು. ಉಸಿರು ಕಟ್ಟಬಾರದು, ಹೊಟ್ಟೆ ಬಿಗಿಯಬಾರದು. ಫಿಸಿಯೋ ಒಬ್ಬರು ಹೇಳಿಕೊಟ್ಟರೆ ಇನ್ನೂ ಒಳ್ಳೆಯದು. ನೀನೂ ಮಾಡು. ಜೋರಾಗಿ ನಗು ಬಂದರೆ ಬಚ್ಚಲಿಗೆ ಓಡುತ್ತೀಯಲ್ಲ, ನನಗೆ ಗೊತ್ತಿಲ್ಲ ಅಂದುಕೊಂಡೆಯಾ?

ನನ್ನ ಬಗ್ಗೆ ಚಿಂತೆ ಬೇಡ. ಊಟ, ನಿದ್ದೆ ಎಲ್ಲ ಸರಿಯಾಗಿದೆ, ಚಳಿಗೂ ಒಗ್ಗಿಕೊಂಡಿದ್ದೇನೆ, ತೂಕವೂ ಇಳಿದಿಲ್ಲ, ನಿಜವಾಗಿ. ಆ ಹುಡುಗನ ಮನೆಯವರಿಗೆ ಸದ್ಯಕ್ಕೆ ಏನೂ ಹೇಳಬೇಡ, ಅದನ್ನು ಆಮೇಲೆ ನೋಡೋಣ. ಚಿಕ್ಕಮ್ಮನ ರಿಪೋರ್ಟ್‌ಗಳ ಫೋಟೋ ಇವತ್ತೇ ಕಳಿಸು, ಎರಡೂ ಬದಿ. ಕ್ಲಿನಿಕ್‌ಗೆ ಹೊತ್ತಾಯಿತು, ಓಡುತ್ತೇನೆ.

ನಿನ್ನ ಮಗಳು